ಅಪ್ಪನ ದನಿಗೆ ಟೈಮರ್

ಮುಂಜಾನೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಜಮಖಂಡಿಯ ತನ್ನ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದ ಸದಾಶಿವ ಹೆಂಡತಿಯನ್ನು ಕರೆದು ಘೋಷಿಸಿದ: “ಇನ್ನ ಮ್ಯಾಲೆ ಅವ್ವನ ಕಣ್ಣಿನ ಹನಿ ತಪ್ಪಿತು ಅಂದ್ರ ನನ್ನ ಬಿಎಸ್ಸಿ ಸರ್ಟಿಫಿಕೇಟು ಒಲಿಗೆ ಹಾಕು!”

“ಒಲಿ ಎಲ್ಲದ ರೀ? ಗ್ಯಾಸ್ ಬಂದು ಎಷ್ಟ ವರ್ಷಾತು!” ಎಂದಳು ಸುಲಭಾ.

ತಾಯಿ ರತ್ನಾಬಾಯಿಯವರ ಬಲಗಣ್ಣಿನ ಪೊರೆ ತೆಗೆಸಿ ವಾರವಾಗಿತ್ತು. ಹೋದ ವರ್ಷ ಎಡಗಣ್ಣಿನ ಪೊರೆ ತೆಗೆಸಿದಾಗ ಹನಿ ಹಾಕಿಸುವ ಉಸ್ತುವಾರಿ ಅಪ್ಪ ಅಣ್ಣಾಸಾಹೇಬರದಾಗಿತ್ತು. ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿ ಅವರಿಗಿರಲಿಲ್ಲ. ಹೊತ್ತಾಯಿತೆಂದರೆ, “ಕೇಳೀತೇನು? ಹನಿ ಹಾಕ್ಕೋ” ಎನ್ನುತ್ತಿದ್ದರು. ಈಗ ಅವರು ತೀರಿಕೊಂಡು ಮೂರು ತಿಂಗಳು. ಬೇರೆ ಯಾರು ನೆನಪಿಸಿದರೂ ರತ್ನಾಬಾಯಿ “ಹೂಂ” ಅಂದು ಸುಮ್ಮನೆ ಕೂಡುತ್ತಿದ್ದರು. ಕಣ್ಣು ಕೆಂಪೇರಿತ್ತು. ಹೀಗೇ ಬಿಟ್ಟರೆ ದೃಷ್ಟಿಗೇ ಕುತ್ತು ಎಂದು ಡಾಕ್ಟರು ಎಚ್ಚರಿಸಿದ್ದರು.

ಸುಲಭಾ ಹಿಂದೊಮ್ಮೆ ತಮಾಷೆಗೆಂದು ಮಾವನ ಆ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದಳು. ಸದಾಶಿವ ಅದನ್ನು ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯ ಕೈಗೊಪ್ಪಿಸಿದ. ಕರೆಯ ಅಂತರ ಬದಲಾಗುತ್ತ ಹೋಗಬೇಕು: ಮೊದಲು ಎರಡು ತಾಸು, ಮಧ್ಯಾಹ್ನದ ಮೇಲೆ ಮೂರು, ಸಂಜೆಗೆ ನಾಲ್ಕು. ಆದರೆ ‘ಸೆಟ್‌ಇಂಟರ್ವಲ್’ ಎಂಬ ಆಜ್ಞೆ ಮಹಾ ಪತಿವ್ರತೆ. ಮೊದಲು ಹೇಳಿದ ಅಂತರವನ್ನು ಬಿಟ್ಟು ಕದಲುವುದಿಲ್ಲ, ರದ್ದು ಮಾಡುವ ತನಕ ಅದೇ ಅಂತರಕ್ಕೆ ಮತ್ತೆ ಮತ್ತೆ ಕರೆಯುತ್ತಲೇ ಇರುತ್ತದೆ! ಅದಕ್ಕೇ ಪ್ರತಿ ಕರೆಯ ಬೆನ್ನಿಗೂ ಹೊಸ ಅಂತರದ ಹೊಸ ಆಜ್ಞೆಯೊಂದು ಹೊರಡುವಂತೆ ಬರೆದ. ಹಳೆಯದನ್ನು ರದ್ದು ಮಾಡಬೇಕೆಂಬುದು ಮಾತ್ರ ಮಹಾಶಯನಿಗೆ ಹೊಳೆಯಲಿಲ್ಲ. ಪರೀಕ್ಷೆಗೆಂದು ತಾಸುಗಳ ಜಾಗದಲ್ಲಿ ಸೆಕೆಂಡುಗಳನ್ನಿಟ್ಟು ಗುಂಡಿ ಒತ್ತಿದ.

“ಕೇಳೀತೇನು? ಹನಿ ಹಾಕ್ಕೋ.”

ಒಳಗಿನಿಂದ ರತ್ನಾಬಾಯಿ ಓಗೊಟ್ಟರು: “ಹಾಕ್ಕೊಂಡೆ ರೀ!”

ಎಷ್ಟೋ ದಿನಗಳ ಮೇಲೆ ಕೇಳಿದ ಅವ್ವನ ಹಳೆಯ ದನಿ! ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ಮತ್ತೊಂದು ಕರೆ. ಬಳಿಕ ಎರಡು, ನಾಲ್ಕು, ಎಂಟು! ಹಳೆಯ ಆಜ್ಞೆಗಳೂ ಹೊಸ ಆಜ್ಞೆಗಳೂ ಕೂಡಿ ಮರಿ ಹಾಕತೊಡಗಿದವು. ಪಡಸಾಲೆ ತುಂಬ ಅಣ್ಣಾಸಾಹೇಬರು!

“ತಡೀರಿ, ಹಾಕ್ಕೊಂಡೇನಲ್ಲ! ಇನ್ನೂ ಎಷ್ಟ ಹಾಕ್ಕೊಳ್ಲಿ?” ಒಳಗೆ ರತ್ನಾಬಾಯಿಯವರ ಗಡಿಬಿಡಿ.

“ಬಂದ್ ಮಾಡ್ರಿ ಮೊದಲ!” ಸುಲಭಾ ಚೀರಿದಳು. “ಒಬ್ಬ ಮಾವನವ್ರನ್ನ ಕರಸ್ತೀನಿ ಅಂದು ದಿಬ್ಬಣಾನ ಕರಿಸೀರಲ್ಲ!”

ಸದಾಶಿವ ಪ್ಲಗ್ ಕಿತ್ತ. ಬ್ಯಾಟರಿ ಬಿಡಬೇಕಲ್ಲ! ಕೊನೆಗೆ ಪವರ್ ಗುಂಡಿಯನ್ನು ಅದುಮಿ ಹಿಡಿದಾಗ ಮನೆ ಒಮ್ಮೆಲೇ ಸ್ತಬ್ಧವಾಯಿತು.

ಬಾಗಿಲಲ್ಲಿ ರತ್ನಾಬಾಯಿ ನಿಂತಿದ್ದರು, ಕೈಯಲ್ಲಿ ಖಾಲಿ ಬಾಟಲಿ. ಗಲ್ಲದ ಮೇಲೆ ಹರಿದದ್ದರಲ್ಲಿ ಔಷಧವೆಷ್ಟು, ಕಣ್ಣೀರೆಷ್ಟು ಎಂದು ಬೇರ್ಪಡಿಸಲು ಬಿಎಸ್ಸಿ ಸಾಲಲಿಲ್ಲ.

“ಸದೂ, ಅವರು ಹಿಂಗ ಒಂದರ ಮ್ಯಾಲೊಂದು ಕರೀತಿದ್ದಿಲ್ಲೋ. ನಾ ಹಾಕ್ಕೊಂಡೆ ಅನ್ನೂತನಕಾ ಕಾಯ್ತಿದ್ರು.”

ತಪ್ಪಿದ್ದು ಅದೇ! ಸದಾಶಿವ ಹೊಸ ಬಾಟಲಿ ತಂದ, ಪ್ರೋಗ್ರಾಮ್ ತಿದ್ದಿದ. ಒಂದೇ ಕರೆ; ತಾಯಿ ಹನಿ ಹಾಕಿಕೊಂಡು ಗುಂಡಿ ಒತ್ತಬೇಕು; ಮುಂದಿನ ಕರೆಯ ಲೆಕ್ಕ ಶುರುವಾಗುವುದೇ ಆಗ.

ಮರುದಿನ ಮುಂಜಾನೆ ಮೊದಲ ಕರೆ ಬಂತು. ಮಧ್ಯಾಹ್ನವಾದರೂ ಎರಡನೆಯದರ ಸುಳಿವಿಲ್ಲ. ಕಣ್ಣು ಮತ್ತೆ ಕೆಂಪಾಗಿತ್ತು. ಸದಾಶಿವ ತಾಯಿಯ ತಲೆಯನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿ ತಾನೇ ಹನಿ ಹಾಕಿದ.

“ಗುಂಡಿ ಯಾಕ ಒತ್ತಿಲ್ಲವ್ವಾ?”

“ಒತ್ತಿದ್ರ ಮತ್ತ ಯಾವಾಗ ಕರೀತಾರ?”

“ಎರಡು ತಾಸಿಗೆ.”

ರತ್ನಾಬಾಯಿ ಮುಚ್ಚಿದ ಕಣ್ಣು ತೆರೆಯಲಿಲ್ಲ. “ಹಂಗಾರ ಒತ್ತೂದಿಲ್ಲಪಾ. ಒತ್ತೂತನಕಾ ಕಾಯ್ತಾರ. ಆವತ್ತ ನಿಮ್ಮಪ್ಪ ಮುಧೋಳಕ್ಕ ಹೋದವರು ಮನಿಗೆ ಬರಲೇ ಇಲ್ಲ. ಹೋಗೂಮುಂದ ಹೊಸ್ತಿಲದಾಗ ನಿಂತು ನನಗ ಅಷ್ಟ ಹೇಳಿದ್ರು: ಬರ್ತೀನಿ, ಎರಡು ತಾಸು.”