ಅಮಲ್ದಾರರನ್ನು ಕುದುರೆ ಹತ್ತಿಸಿದ ಗುಳಿಗೆ

ದ್ವಾರಕಾನಾಥನ ಕಷ್ಟಕ್ಕೆಲ್ಲ ಕಾರಣ ಮೂರಿಂಚು ಖಾಲಿ ಜಾಗ. ಷಿಕಾಗೋ ಕನ್ನಡಿಗರ ಸಂಘದ ಕೈಬರಹದ ಪತ್ರಿಕೆಗೆ ಅವನೇ ಸಂಪಾದಕ. ೧೯೭೩ರ ಯುಗಾದಿ ಸಂಚಿಕೆಯ ಕೊನೆಯ ಪುಟದಲ್ಲಿ ಅಷ್ಟು ಜಾಗ ಉಳಿದುಬಿಟ್ಟಿತು. ಕವಿತೆ ಹಾಕೋಣವೆಂದರೆ ಸಂಘದ ಕವಿಗಳು ಯಾರೂ ಮೂರು ಪುಟಕ್ಕೆ ಕಡಿಮೆ ಬರೆದವರಲ್ಲ. ಹೀಟರ್ ಚೆನ್ನಾಗಿದೆಯೆಂದು ಶನಿವಾರಗಳಲ್ಲಿ ಯೂನಿವರ್ಸಿಟಿ ಲೈಬ್ರರಿಗೆ ಹೋಗಿ ಕೂರುತ್ತಿದ್ದ ದ್ವಾರಕಾನಾಥ, ವಿಕ್ಟೋರಿಯಾ ರಾಣಿಯ ಕಾಲದ ಮೈಸೂರು ಪತ್ರಿಕೆಯೊಂದರಿಂದ ಒಂದು ಜಾಹೀರಾತನ್ನು ನಗುವುದಕ್ಕೆಂದು ಬರೆದುಕೊಂಡಿದ್ದ. ಅದನ್ನೇ ತುಂಬಿಸಿದ.

“ಗಜಬಲ ಗುಳಿಗೆ. ಲಂಡನ್ನಿನ ದೊರೆಗಳೂ ಮೆಚ್ಚಿದ್ದು. ಅಜೀರ್ಣ, ಮೂಲವ್ಯಾಧಿ, ಮರೆವು, ಸ್ತ್ರೀಯರ ಮೂರ್ಛೆ, ಪುರುಷರ ನಿರುತ್ಸಾಹ, ಕುದುರೆಗಳ ಕೆಮ್ಮು, ಸಕಲಕ್ಕೂ ಒಂದೇ ಮದ್ದು.” ಅದರ ಕೆಳಗೊಂದು ಪ್ರಶಂಸಾಪತ್ರ: “ಹನ್ನೆರಡು ವರ್ಷ ಹಾಸಿಗೆ ಹಿಡಿದಿದ್ದ ನಾನು ಎರಡೇ ಗುಳಿಗೆಗೆ ಎದ್ದು ಕುದುರೆ ಹತ್ತಿದೆನು. ಇಂತಿ, ನಿವೃತ್ತ ಅಮಲ್ದಾರ.”

ಪತ್ರಿಕೆಯ ಪ್ರತಿ ತೆಗೆಯುವ ಸ್ಟೆನ್ಸಿಲ್ ಹಾಳೆಯ ಮೇಲೆ ಬರೆಯುವವಳು ಅವನ ಹೆಂಡತಿ ವತ್ಸಲಾ. ಅಕ್ಷರ ಮುತ್ತಿನಂಥದು, ಶಿಸ್ತು ಅದಕ್ಕಿಂತ ಹೆಚ್ಚು. ಪ್ರತಿ ಜಾಹೀರಾತಿನ ಕೆಳಗೂ ಫೋನ್ ನಂಬರ್ ಇರಲೇಬೇಕೆಂದು ಸಂಘದ ನಿಯಮ. ಇದರ ಕೆಳಗೆ ಇರಲಿಲ್ಲ. ಅವಳು ಮನೆಯ ನಂಬರನ್ನೇ ಬರೆದು, “ವಿವರಗಳಿಗೆ: ಡಾ. ದ್ವಾರಕಾನಾಥ” ಎಂದು ಸೇರಿಸಿದಳು.

ಇದು ಬೇರೆ ದಿನವಾಗಿದ್ದರೆ ನಕ್ಕು ಮರೆಯಬಹುದಿತ್ತು. ಮೈಸೂರಿನಲ್ಲಿ ಎಂಬಿಬಿಎಸ್ ಮಾಡಿ ಬಂದ ದ್ವಾರಕಾನಾಥ ಎರಡು ವರ್ಷದಿಂದ ಆಸ್ಪತ್ರೆಯ ಲ್ಯಾಬಿನಲ್ಲಿ ಕಂಡವರ ರಕ್ತ ತೆಗೆಯುತ್ತಿದ್ದ. ಡೆಟ್ರಾಯಿಟ್‌ನ ಆಸ್ಪತ್ರೆಯೊಂದರಲ್ಲಿ ಕೊನೆಗೂ ಒಂದು ರೆಸಿಡೆನ್ಸಿ, ಅಂದರೆ ಇಲ್ಲಿ ಡಾಕ್ಟರಾಗಲು ಬೇಕಾದ ತರಬೇತಿಯ ಸೀಟು ಖಾಲಿಯಾಗಿತ್ತು. ಅದಕ್ಕೆ ಅವನಿದ್ದ ಆಸ್ಪತ್ರೆಯ ದೊಡ್ಡ ಡಾಕ್ಟರ್ ಚಂದ್ರಮೌಳಿಯವರ ಶಿಫಾರಸು ಪತ್ರ ಬೇಕು. ಈ ಭಾನುವಾರ ಬರೆಯುತ್ತೇನೆಂದು ಅವರು ಮಾತು ಕೊಟ್ಟಿದ್ದರು. ಅವರೋ, ಬಾಗಿಲ ಮೇಲೆ ಹೆಸರನ್ನು ದಪ್ಪಕ್ಷರದಲ್ಲಿ ಬರೆಸಿದನೆಂದು ಒಬ್ಬ ಜೂನಿಯರ್ ಜೊತೆ ಮಾತು ಬಿಟ್ಟವರು. ಈ ದೇಶದಲ್ಲಿ ಜಾಹೀರಾತು ಕೊಡುವ ಡಾಕ್ಟರೂ ಒಂದೇ, ಜೇಬುಗಳ್ಳನೂ ಒಂದೇ ಎಂಬುದು ಅವರ ಮತ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಮೊದಲ ಫೋನು, ಡೆಟ್ರಾಯಿಟ್‌ನಿಂದ. ಕಾರಿನ ಕಾರ್ಖಾನೆಯ ಇಂಜಿನಿಯರ್ ಸತ್ಯ, ಧಾರವಾಡದ ಕಡೆಯವನು; ಪತ್ರಿಕೆ ಅಂಚೆಯಲ್ಲಿ ಅವನಿಗೂ ತಲುಪಿತ್ತು.

“ಡಾಕ್ಟರ, ಆ ಗುಳಿಗಿ ಒಂದ್ ಡಬ್ಬಿ ಪೋಸ್ಟ್ ಮಾಡ್ರಿ. ಕುದುರಿದು ಬ್ಯಾಡ, ಮನಷ್ಯಾರದು.”

“ಅದು ತಮಾಷೆಗೆ ಹಾಕಿದ್ದು ಸತ್ಯ. ತೊಂಬತ್ತು ವರ್ಷದ ಹಿಂದಿನ ಜಾಹೀರಾತು.”

“ತೊಂಬತ್ತ್ ವರ್ಷದಿಂದ ನಡದೈತಂದ್ರ ಛಲೋನ ಇರಬೇಕು ತಗೋರಿ.”

ಹತ್ತು ಗಂಟೆಯೊಳಗೆ ಹದಿನಾಲ್ಕು ಫೋನು. ಅದರಲ್ಲಿ ಐದು ಜನ ಸ್ವತಃ ಡಾಕ್ಟರುಗಳು. ಊರಿನಲ್ಲಿದ್ದಾಗ ಹಿತ್ತಲ ಗಿಡ ಮದ್ದಲ್ಲ. ಎಂಟು ಸಾವಿರ ಮೈಲಿ ದೂರ ಬಂದ ಮೇಲೆ ಅದೇ ಗಿಡ ಸಂಜೀವಿನಿ. ದ್ವಾರಕಾನಾಥ ಇಲ್ಲ ಇಲ್ಲ ಎಂದಷ್ಟೂ ಗುಳಿಗೆಯ ಘನತೆ ಏರುತ್ತಾ ಹೋಯಿತು.

ಮೇಲಿನ ಮನೆಯ ಪದ್ಮ ಮೆಟ್ಟಿಲಿಳಿದು ಬಂದೇಬಿಟ್ಟರು. “ಡಾಕ್ಟ್ರೇ, ನಮ್ಗೆ ಇಲ್ಲ ಅಂದ್ರೆ ಸರಿ. ಬೇಕಾದೋರಿಗೆ ಮಾತ್ರ ಇಟ್ಕೊಂಡಿದೀರಿ ಅಂತ ಎಲ್ರೂ ಮಾತಾಡ್ಕೊಳ್ತಿದಾರೆ. ನಾನಂತೂ ನಂಬಲ್ಲ. ಎರಡು ಕೊಟ್ರೆ ಇನ್ನೂ ನಂಬಲ್ಲ.”

ಅವರನ್ನು ಸಾಗಹಾಕುವಷ್ಟರಲ್ಲಿ ಮತ್ತೆ ಫೋನು. “ಚಂದ್ರಮೌಳಿ ಮಾತಾಡ್ತಿರೋದು. ಪತ್ರಿಕೆ ನೋಡ್ದೆ. ಅಲ್ಲೇ ಇರು, ಬರ್ತೀನಿ.”

ಡೆಟ್ರಾಯಿಟ್ ಕೈತಪ್ಪಿತು, ಸಾಯುವವರೆಗೂ ಲ್ಯಾಬಿನ ಸೂಜಿಯೇ ಗತಿ ಎಂದುಕೊಂಡ ದ್ವಾರಕಾನಾಥ. “ಒಂದು ನಂಬರ್ ಬರೆದು ನನ್ನ ತಿಥಿ ಮಾಡಿದೆಯಲ್ಲೇ” ಎಂದು ಹೆಂಡತಿಗೆ ಹೇಳಿದ. “ನಿಯಮ ಮಾಡಿದ್ದು ನೀವೇ ತಾನೆ” ಎಂದು ಅವಳು ಅಡುಗೆಮನೆಗೆ ಹೋದಳು.

ಚಂದ್ರಮೌಳಿ ಬಂದವರೇ ಬಾಗಿಲು ಹಾಕಿ ಚಿಲಕ ಜಡಿದರು. ಓವರ್‌ಕೋಟನ್ನೂ ಬಿಚ್ಚಲಿಲ್ಲ.

“ಸರ್, ಅದು ಜಾಹೀರಾತಲ್ಲ...”

“ಮೆತ್ತಗೆ ಮಾತಾಡಯ್ಯ. ಎರಡು ವರ್ಷದಿಂದ ಹೊಟ್ಟೆ ಉಬ್ಬರ ನಂಗೆ. ಬೇರಿಯಂ ಕುಡಿಸಿದ್ರು, ಎಕ್ಸ್‌ರೇ ತೆಗೆದ್ರು, ಮೂರು ಜನ ಸ್ಪೆಷಲಿಸ್ಟ್ ನೋಡಿದ್ರು. ಏನೂ ಇಲ್ಲ ಅಂತಾರೆ. ನಮ್ಮ ತಾತನ ಪೆಟ್ಟಿಗೇಲಿ ಈ ಗುಳಿಗೆ ಡಬ್ಬಿ ಇತ್ತು, ಮುಚ್ಚಳದ ಮೇಲೆ ಆನೆ ಚಿತ್ರ. ಅವರಿಗೆ ತೊಂಬತ್ತೆರಡರಲ್ಲೂ ಹೋಳಿಗೆ ಅರಗ್ತಿತ್ತು. ಇಲ್ಲ ಅನ್ಬೇಡ.”

ಬೈಗುಳವಿಲ್ಲವೆಂದು ದ್ವಾರಕಾನಾಥನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆದರೂ ಪ್ರಾಮಾಣಿಕನಾದ್ದರಿಂದ ಇದ್ದ ವಿಷಯ ಹೇಳಿದ. ಚಂದ್ರಮೌಳಿಯವರ ಮುಖ ಇಳಿಯಿತು.

“ಕೊಡೋ ಮನಸ್ಸಿಲ್ಲ ಅನ್ನು. ಆ ಲೆಟರ್ ಇವತ್ತು ಬರೆಯೋಣ ಅಂತಿದ್ದೆ. ನೋಡೋಣ, ಪುರಸೊತ್ತಾದಾಗ.”

ಆಗ ವತ್ಸಲಾ ಹೊರಬಂದಳು. ಕೈಯಲ್ಲಿ ಸ್ಟೀಲ್ ಬಟ್ಟಲು, ಅದರಲ್ಲಿ ನಾಲ್ಕು ಕಪ್ಪು ಗುಳಿಗೆ. “ಇವರು ಹಾಗೇ ಸರ್, ಎಲ್ಲಾ ಗುಟ್ಟು. ಆ ಹಳೇ ಗುಳಿಗೇನ ಮನೇಲೇ ಮಾಡ್ತಾರೆ, ಉಳಿದಿರೋದು ಇಷ್ಟೇ.” ಶುಂಠಿ, ಜೀರಿಗೆ, ಇಂಗು, ಬೆಲ್ಲ ಕುಟ್ಟಿ ಉಂಡೆ ಮಾಡಿ ಐದು ನಿಮಿಷವೂ ಆಗಿರಲಿಲ್ಲ. ದ್ವಾರಕಾನಾಥ ಬಾಯಿ ತೆರೆದ, ಅವಳು ಕಣ್ಣು ಬಿಟ್ಟಳು, ಮುಚ್ಚಿದ.

ಚಂದ್ರಮೌಳಿ ಎರಡು ಗುಳಿಗೆಯನ್ನು ಬಿಸಿನೀರಿನಲ್ಲಿ ನುಂಗಿ, ಕಣ್ಣು ಮುಚ್ಚಿ ಸೋಫಾದ ಮೇಲೆ ಕುಳಿತರು. ಹತ್ತು ನಿಮಿಷದ ಮೇಲೆ ಒಂದು ತೇಗು ಬಂತು. ಹಳೆಯ ಬಸ್ಸು ಸ್ಟಾರ್ಟ್ ಆದಂಥ ತೇಗು. ಅದರ ಹಿಂದೆಯೇ ಇನ್ನೂ ಆರು. ದೊಡ್ಡ ಡಾಕ್ಟರ ಕಣ್ಣಲ್ಲಿ ನೀರು ನಿಂತಿತು.

“ಎರಡು ವರ್ಷ ಆಯ್ತಮ್ಮ” ಎಂದು ವತ್ಸಲಾಗೆ ಹೇಳಿದರು. ಅವಳು ಮಾಡಿದ ಇಡ್ಲಿ ಆರು ತಿಂದು, ದ್ವಾರಕಾನಾಥನ ಬೆನ್ನು ತಟ್ಟಿ, “ಲೆಟರ್ ಈಗ್ಲೇ ಹೋಗಿ ಟೈಪ್ ಮಾಡ್ತೀನಿ. ಅಂಥಾ ಲೆಟರ್ ಇದುವರೆಗೆ ಯಾರೂ ಬರೆದಿರಬಾರ್ದು” ಎಂದು ಹೊರಟರು.

ಮಧ್ಯಾಹ್ನವೆಲ್ಲ ದ್ವಾರಕಾನಾಥ ಡೆಟ್ರಾಯಿಟ್ ನಕ್ಷೆ ಹರಡಿಕೊಂಡು ಮನೆ ಹುಡುಕಿದ. ಹೆಂಡತಿಯನ್ನು ಹೊಗಳಿದ. ನಾಲ್ಕು ಗಂಟೆಗೆ ಚಂದ್ರಮೌಳಿಯವರ ಫೋನು ಬಂತು.

“ಪೋಸ್ಟ್ ಮಾಡಿ ಬಂದೆ ಕಣಯ್ಯ. ಕಾರ್ಬನ್ ಕಾಪಿ ಕೈಲಿದೆ, ಕನ್ನಡದಲ್ಲೇ ಹೇಳ್ತೀನಿ ಕೇಳು. ‘ಎರಡು ವರ್ಷ ಹೊಟ್ಟೆ ಉಬ್ಬರದಿಂದ ನರಳ್ತಿದ್ದ ನಾನು, ಈತ ತನ್ನ ಮನೇಲೇ ತಯಾರಿಸೋ ಗುಳಿಗೆ ಎರಡೇ ನುಂಗಿ, ಎದ್ದು ಆರು ಇಡ್ಲಿ ತಿಂದೆ. ಮೂರು ಜನ ಸ್ಪೆಷಲಿಸ್ಟ್ ಕೈಲಿ ಆಗದೇ ಇದ್ದಿದ್ದು ಈತನ ಕೈಲಾಯ್ತು.’ ಕೆಳಗೆ ನನ್ನ ಹೆಸರು, ಡಿಗ್ರಿ, ಎಲ್ಲಾ ಇದೆ.”

ದ್ವಾರಕಾನಾಥ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದ. “ಮನೇಲೇ ತಯಾರಿಸೋ ಗುಳಿಗೆ ಅಂತ... ಬರೆದ್ರಾ ಸರ್?”

“ಬರೀ ಮಾತು ಅಂತ ಅವರು ಅಂದ್ಕೋಬಾರ್ದಲ್ಲ. ಅದಕ್ಕೇ ನಿನ್ನ ಜಾಹೀರಾತಿನ ಪುಟಾನೂ ಇಟ್ಟಿದೀನಿ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಅರ್ಥ ಬರೆದು. ಕುದುರೆ ಕೆಮ್ಮೂ ಬಿಟ್ಟಿಲ್ಲ. ಫೋನ್ ನಂಬರಿಗೆ ಕೆಂಪು ಗೆರೆ ಎಳೆದಿದೀನಿ.”

ಫೋನಿಟ್ಟ ದ್ವಾರಕಾನಾಥ ಡೆಟ್ರಾಯಿಟ್ ನಕ್ಷೆಯನ್ನು ಮಡಿಸಿಟ್ಟ. ತೊಂಬತ್ತು ವರ್ಷದ ಹಿಂದಿನ ಅಮಲ್ದಾರರು ಕುದುರೆ ಹತ್ತಿ ತನ್ನ ಮೇಲೆಯೇ ಹಾದುಹೋದ ಹಾಗೆ ಅವನಿಗನಿಸಿತು. ಹೊಟ್ಟೆಯೊಳಗೆ ಏನೋ ಗುಡುಗುಡು ಎಂದು ಉಬ್ಬಿ ಎದೆಯವರೆಗೂ ಬಂತು.

“ವತ್ಸಲಾ, ಆ ಗುಳಿಗೆ ಎರಡು ಉಳಿದಿತ್ತಲ್ಲ, ಕೊಡು.”

“ಅಯ್ಯೋ, ಪದ್ಮ ಆಗ್ಲೇ ತಗೊಂಡು ಹೋದ್ರಲ್ಲ” ಎಂದಳು ವತ್ಸಲಾ.