ಕೊಳವೆಯೊಳಗಿನ ಕಿವಿ

ನಮ್ಮ ಚೆಲುವಮ್ಮನಿಗೆ ದುಬೈಯಲ್ಲಿ ಎಲ್ಲಾ ಇತ್ತು ಕಣ್ರೇ, ಸೊಸೆ ಬಿಂದು ಮೇಲೆ ದೂರು ಹೇಳ್ಕೊಳ್ಳೋಕೆ ಒಂದು ಜಾಗ ಮಾತ್ರ ಇರ್ಲಿಲ್ಲ. ಡಿಸ್ಕವರಿ ಗಾರ್ಡನ್ಸಿನ ಪುಟ್ಟ ಫ್ಲ್ಯಾಟು; ಸೀನಿದ್ರೆ ಮೂರು ಜನ "ಏನಾಯ್ತು" ಅಂತಾರೆ. ಅದಕ್ಕೇ ದಿನಾ ಹತ್ತು ಗಂಟೆಗೆ ಬಚ್ಚಲಿಗೆ ಹೋಗಿ, ಚಿಲಕ ಹಾಕಿ, ಬಕೆಟ್ಟು ಬೋರಲು ಹಾಕ್ಕೊಂಡು ಕೂತು, ಮೈಸೂರಿನ ತಂಗಿ ಪುಟ್ಟಿಗೆ ಫೋನು. (ಪಿಸುಮಾತೇ ಆಡೋದು, ಆದ್ರೆ ಮೈಸೂರಿಗೆ ಮುಟ್ಟಬೇಕಲ್ಲ, ಸ್ವಲ್ಪ ಕೂಗ್ತಿದ್ಲು.)

ಮಗ ದ್ವಾರಕನಾಥ ಫೋನಿಗೆ ಅದೇನೋ ವಿಪಿಎನ್ನು ಹಾಕ್ಕೊಟ್ಟಿದ್ದ. "ನಿನ್ನ ಮಾತು ಗುಪ್ತ ಕೊಳವೆಯೊಳಗೆ ಹೋಗುತ್ತಮ್ಮ. ನರಪಿಳ್ಳೆಗೂ ಕೇಳಲ್ಲ."

ಹೀಗಿರ್ಬೇಕಾದ್ರೆ ಒಂದಿನ, "ಬಿಂದು ಸಾರಿಗೆ ಹುಣಸೇಹಣ್ಣು ಸುರೀತಾಳೆ ಪುಟ್ಟಿ" ಅಂದ್ಲು. ಮಾರನೇ ದಿನ ಸಾರು ಹದವಾಗಿತ್ತು. ಖುಷಿಯಾಯ್ತು. ದಿಂಬು ಕಲ್ಲು ಅಂದ್ಲು. ಸಂಜೆಗೆ ಮಂಚದ ಮೇಲೆ ಹೊಸ ದಿಂಬು. ಏಸಿ ಥಂಡಿ ಅಂದ್ಲು. ಮಧ್ಯಾಹ್ನಕ್ಕೆ ರೂಮು ಬೆಚ್ಚಗೆ. ಯಾರೂ ತುಟಿ ಬಿಚ್ಚಲ್ಲ! ಚೆಲುವಮ್ಮನ ಮೈ ಜುಂ ಅಂತು.

ಮಗನ್ನ ಬಾಲ್ಕನಿಗೆ ಎಳ್ಕೊಂಡು ಹೋದ್ಲು. "ನಿನ್ನ ಕೊಳವೇಲಿ ಯಾರೋ ಕೂತಿದಾರೆ ಕಣೋ!"

"ಫ್ರೀ ಸಿಕ್ತು ಅಂತ ಹಾಕಿದ್ದೆ ಅಮ್ಮ..."

"ಫ್ರೀ ಕೊಡೋನು ಹೊಟ್ಟೆಗೇನು ತಿಂತಾನೆ? ನಮ್ಮ ಮಾತೇ ಮಾರ್ಕೊಂಡು ತಿಂತಾನೆ. ನಂಬಿಕಸ್ಥನ್ನ ಹುಡುಕು!"

ಆಮೇಲೆ ಗಂಡು ನೋಡೋ ಶಾಸ್ತ್ರವೇ ನಡೀತು. ಅವನು ಲ್ಯಾಪ್‌ಟಾಪಲ್ಲಿ ವಿಪಿಎನ್ ಕೊಡೋರನ್ನ ಒಬ್ಬೊಬ್ಬರನ್ನೇ ತೋರಿಸ್ತಾನೆ, ಇವಳು ಕನ್ನಡಕ ಏರಿಸ್ಕೊಂಡು ವಿಚಾರಿಸ್ತಾಳೆ.

"ಯಾರ ಮನೆಯೋನು? ಯಜಮಾನನ ಹೆಸರೇ ಹಾಕಿಲ್ಲ. ಬೇಡ."

"ಇವನು ನಾವು ಮಾಡಿದ್ದೇನೂ ಬರೆದಿಟ್ಕೊಳ್ಳಲ್ಲ ಅಂತಾನಮ್ಮ."

"ಅವನೇ ಹೇಳ್ಕೊಂಡ್ರೆ ಆಯ್ತಾ? ಹೊರಗಿನೋರು ಹೋಗಿ ನೋಡಿದಾರಾ?"

ನೋಡಿದ್ರಂತೆ, ವರದಿನೂ ಇತ್ತು. ಅವನೇ ಗೊತ್ತಾದ.

ಮಾರನೇ ಬೆಳಿಗ್ಗೆ ಹೊಸ ಅಳಿಯನ ಪರೀಕ್ಷೆಗೆ ಚೆಲುವಮ್ಮ ಒಂದು ಸುಳ್ಳು ಬಿಟ್ಲು: "ಪುಟ್ಟಿ, ನಂಗಿಲ್ಲಿ ಸಾಕಾಗಿದೆ. ಶುಕ್ರವಾರ ಬಂದ್ಬಿಡ್ತೀನಿ." (ಹೋಗೋ ಮನಸ್ಸೆಲ್ಲಿಂದ ಬರ್ಬೇಕು! ಮೊಮ್ಮಗಳು ಹಿತಾ ಮಲಗೋದೇ ಇವಳ ಸೆರಗು ಹಿಡ್ಕೊಂಡು.)

ಸಂಜೆ ವಾಕಿಂಗ್ ಮುಗಿಸಿ ಬರ್ತಾಳೆ, ಹಾಲಿನಲ್ಲಿ ಅವಳ ಸೂಟ್‌ಕೇಸು ಬಾಯಿ ತೆರ್ಕೊಂಡು ಕೂತಿದೆ. ಸೀರೆಗಳೆಲ್ಲ ಮಡಿಸಿಟ್ಟಾಗಿದೆ. "ಅಜ್ಜಿ, ಆರ್ ಯೂ ರಿಯಲಿ ಗೋಯಿಂಗ್?" ಅಂತ ಹಿತಾ ಕಣ್ಣೊರೆಸ್ಕೊಳ್ತಿದಾಳೆ.

ಚೆಲುವಮ್ಮ ಬಚ್ಚಲಿಗೆ ಓಡಿ ಚಿಲಕ ಹಾಕಿದ್ಲು. ಅಷ್ಟರಲ್ಲಿ ನೆತ್ತಿ ಮೇಲೆ ಚಟಪಟ ಚಟಪಟ. ಅಯ್ಯೋ ದೇವರೇ, ಬಚ್ಚಲಲ್ಲಿ ಸಾಸಿವೆ ಸಿಡೀತಿದೆ! ಹಿಂದೇನೇ ಇಂಗಿನ ವಾಸನೆ. ಕೆಟ್ಟು ನಿಂತಿದ್ದ ಎಕ್ಸಾಸ್ಟ್ ಫ್ಯಾನಿನ ಕಿಂಡಿಯಿಂದ ಒಂದು ದನಿ ಇಳಿದು ಬಂತು:

"ಪಾಪ, ಅತ್ತೆಗೆ ಬಾಯ್ಬಿಟ್ಟು ಹೇಳೋಕೆ ಸಂಕೋಚ ರೀ. ನಾವೇ ಅರ್ಥ ಮಾಡ್ಕೊಂಡು ಕಳಿಸ್ಕೊಡೋಣ."

ಬಿಂದು! ಗೋಡೆ ಆಚೆಗೆ ಅಡುಗೆಮನೆ. ನಡುವೆ ಒಂದೇ ಒಂದು ತಗಡಿನ ಕೊಳವೆ.

ಚೆಲುವಮ್ಮ ಬಕೆಟ್ಟಿನ ಮೇಲೆ ಕೂತು, ಕಿಂಡಿ ಕಡೆ ಮುಖ ಎತ್ತಿ, ಗಂಟಲು ಸರಿಮಾಡ್ಕೊಂಡ್ಲು.

"ಹಲೋ ಪುಟ್ಟೀ! ಬೆಳಿಗ್ಗೆ ಹೇಳಿದ್ದು ತಮಾಷೆಗೆ ಕಣೇ! ನನ್ನ ಸೊಸೆ ಅಂದ್ರೆ ಅಪರಂಜಿ! ಎಲ್ಲಿಗೂ ಬರಲ್ಲ ನಾನು, ಇಲ್ಲೇ ಇರ್ತೀನಿ!"

ಆಚೆ ಸೌಟು ಕೆಳಗಿಟ್ಟ ಸದ್ದಾಯ್ತು.

"ಅತ್ತೆ," ಅಂತು ಕೊಳವೆ, "ನಿಮ್ಮ ಫೋನು ಇಲ್ಲಿ ಚಾರ್ಜಿಗಿದೆ. ಹೊರಗೆ ಬನ್ನಿ, ಸಾರು ಆರುತ್ತೆ."