ಏಳನೇ ನಂಬರಿನ ವಿಭೂತಿ ಸೈಕಲ್

"ಇನ್ನು ಈ ಜನ್ಮದಲ್ಲಿ ನಿಮ್ಮ ಸ್ಕೂಟರಿನ ಹಿಂದಿನ ಸೀಟಲ್ಲಿ ಕೂರೋದಿಲ್ಲ!"

ನಮ್ಮ ಲಕ್ಷ್ಮೀಪುರಂ ಮನೆಯ ಹಜಾರದಲ್ಲಿ ನಿಂತು ನಾನು ಹೀಗೆ ಘೋಷಿಸಿದಾಗ ತೊಂಬತ್ತಾರನೇ ಇಸವಿಯ ನವರಾತ್ರಿಗೆ ಇನ್ನೊಂದೇ ದಿನ ಉಳಿದಿತ್ತು. ಕಾರಣವಿಲ್ಲದೆ ಘೋಷಿಸುವವಳಲ್ಲ ನಾನು. ಅಂದು ಬೆಳಿಗ್ಗೆ ಹಿನಕಲ್‌ನ ನೆಂಟರ ಮನೆಗೆ ಹೊರಟಿದ್ದೆವು. ದಾರಿಯಲ್ಲಿ ನಮ್ಮ ಯಜಮಾನರು ಎಮ್ಮೆಯೊಂದನ್ನು ತಪ್ಪಿಸಲು ಹೋಗಿ ಸ್ಕೂಟರನ್ನು ಗುಂಡಿಗೆ ಇಳಿಸಿದರು. ಸ್ಕೂಟರು ಮುಂದೆ ಹೋಯಿತು. ನಾನು, ನನ್ನ ರೇಷ್ಮೆ ಸೀರೆ, ಒಂದು ಡಬ್ಬಿ ರವೆ ಉಂಡೆ ಅಲ್ಲೇ ಉಳಿದೆವು. ಅದಕ್ಕೂ ಬೇಜಾರಿಲ್ಲ. ನೆಂಟರ ಮನೆಯ ಬಾಗಿಲಲ್ಲಿ ಗಾಡಿ ನಿಲ್ಲಿಸಿ, "ಇಳಿಯೇ" ಅಂದಾಗಲೇ ಅವರಿಗೆ ಹಿಂದೆ ನಾನಿಲ್ಲವೆಂದು ಗೊತ್ತಾಗಿದ್ದು!

"ಮತ್ತೆ ಹೆಂಗೆ ಓಡಾಡ್ತೀಯಾ? ಪಲ್ಲಕ್ಕಿ ತರಿಸ್ಲಾ?" ಎಂದರು ಯಜಮಾನರು.

"ಸೈಕಲ್ಲಲ್ಲಿ!"

ಅತ್ತೆ ಬಸಮ್ಮನವರ ಕೈಯಿಂದ ಹೂಬತ್ತಿಯ ತಟ್ಟೆ ಜಾರಿತು. "ಮೂವತ್ತೆಂಟು ವರ್ಷಕ್ಕೆ ಸೈಕಲ್ಲಾ? ಶಿವಶಿವಾ!"

"ಶಿವ ಯಾರ ಹಿಂದೂ ಕೂತೋನಲ್ಲ ಅತ್ತೆ. ಅವನಿಗೆ ಸ್ವಂತ ಎತ್ತಿದೆ."

ನನಗೆ ಸೈಕಲ್ ಕಲಿಸಿದವರು ಯಾರೂ ಇಲ್ಲ. ಹೋದ ಬೇಸಿಗೆಯಲ್ಲಿ ಎರಡೂ ಮೊಣಕಾಲಿನ ಚರ್ಮವನ್ನೇ ಗುರುದಕ್ಷಿಣೆಯಾಗಿ ಕೊಟ್ಟು, ಮೈದಾನದಲ್ಲಿ ಒಬ್ಬಳೇ ಕಲಿತಿದ್ದೆ. ಹಾಗಾಗಿ ಯಜಮಾನರು ಷರತ್ತು ಹಾಕಿದಾಗ ನಾನು ಕಣ್ಣು ಕೂಡ ಮಿಟುಕಿಸಲಿಲ್ಲ.

"ಒಂಬತ್ತು ದಿನ ಮಠದ ಅಡುಗೆಮನೆಗೆ ಸೇವೆಗೆ ಹೋಗ್ತೀಯಲ್ಲ, ಬಾಡಿಗೆ ಸೈಕಲ್ಲಲ್ಲೇ ಹೋಗಿ ಬಾ. ಬೀಳ್ಬಾರ್ದು, ಯಾರಿಗೂ ಗುದ್ಬಾರ್ದು. ಸೈಕಲ್ಲು ದಿನಾ ಇದ್ದಂಗೇ ಅಂಗಡಿ ಸೇರ್ಬೇಕು. ಗೆದ್ರೆ ನಿಂಗೆ ಸ್ವಂತ ಸೈಕಲ್ಲು ಕೊಡಿಸ್ತೀನಿ. ಸೋತ್ರೆ ಬಾಯ್ ಮುಚ್ಕೊಂಡು ನನ್ನ ಹಿಂದೆ ಕೂರ್ಬೇಕು."

"ಆಯ್ತು! ಯಾವ ಬಣ್ಣ ಬೇಕು ಅಂತ ಈಗ್ಲೇ ಹೇಳ್ಲಾ?"

ಚೆಲುವಯ್ಯನವರ ಬಾಡಿಗೆ ಸೈಕಲ್ ಅಂಗಡಿ ನಮ್ಮ ಬೀದಿಯ ತಿರುವಿನಲ್ಲೇ ಇತ್ತು. ಅಲ್ಲಿದ್ದ ಲೇಡೀಸ್ ಸೈಕಲ್ಲು ಒಂದೇ ಒಂದು. ಕಪ್ಪು ಬಣ್ಣ, ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿಯಲ್ಲಿ ಅಂಗಡಿಯ ಹೆಸರು, ಏಳನೇ ನಂಬರು.

"ಕ್ಷೇಮ ಮುಖ್ಯ ಚೆಲುವಯ್ಯ, ಎಲ್ಲ ನೋಡಿಯೇ ತಗೊಳ್ಳೋದು," ಎಂದು ನಾನು ಬೆಲ್ಲನ್ನು ಹದಿನೈದು ಸಲ ಬಾರಿಸಿ ಪರೀಕ್ಷಿಸಿದೆ. ಅವರೇನೋ ಹೇಳಲು ಬಾಯಿ ತೆರೆದರು. ನಾನು ಹದಿನಾರನೇ ಸಲ ಬಾರಿಸಿ ಹೊರಟೇಬಿಟ್ಟೆ!

ನನ್ನ ಸವಾರಿಯ ಶಿಸ್ತನ್ನು ನೀವು ನೋಡಬೇಕಿತ್ತು. ರಸ್ತೆಯ ಎಡ ಅಂಚು ಬಿಟ್ಟು ಒಂದು ಗೇಣು ಸರಿದವಳಲ್ಲ. ಸರ್ಕಲ್ಲು ಇಪ್ಪತ್ತು ಮಾರು ದೂರವಿರುವಾಗಲೇ ಪೆಡಲ್ ನಿಲ್ಲಿಸಿ, ಚಪ್ಪಲಿ ನೆಲಕ್ಕೆ ಎಳೆಯುತ್ತಾ ಇಳಿದು, ಸೈಕಲ್ಲನ್ನು ಕೈಹಿಡಿದು ದಾಟಿಸುತ್ತಿದ್ದೆ. ಇಳಿಜಾರು ಕಂಡರೂ ಇಳಿಯುತ್ತಿದ್ದೆ. ಹಸು ಕಂಡರೂ ಇಳಿಯುತ್ತಿದ್ದೆ. ಮೈಸೂರಿನಲ್ಲಿ ಸರ್ಕಲ್ಲಿಗೂ ಹಸುವಿಗೂ ಕೊರತೆಯಿಲ್ಲ.

"ನಿನ್ನೆ ದಾರೀಲಿ ನೋಡ್ದೆ," ಎಂದರು ಯಜಮಾನರು ಒಂದು ಬೆಳಿಗ್ಗೆ. "ನೀನು ಸೈಕಲ್ ಮೇಲೆ ಹೋಗ್ತೀಯೋ, ಸೈಕಲ್ಲನ್ನ ವಾಕಿಂಗ್ ಕರ್ಕೊಂಡೋಗ್ತೀಯೋ?"

"ಹಿಂದೆ ಯಾರನ್ನೂ ಬೀಳಿಸಿ ಬಂದಿಲ್ಲವಲ್ಲ!" ಎಂದೆ. ಅವರು ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದರು.

ಇದ್ದ ತೊಂದರೆ ಒಂದೇ. ಯಾರು ಕಷ್ಟ ಹೇಳಿಕೊಂಡರೂ ನಿಂತು ಕೇಳುವ ಸ್ವಭಾವ ನನ್ನದು. ಮೊದಲ ದಿನವೇ ಮಠದ ಬಾಗಿಲಲ್ಲಿ ನನ್ನಂತೆ ಸೇವೆಗೆ ಬಂದಿದ್ದ ಮಂಜುಳಮ್ಮ ಸಿಕ್ಕಿ ತಮ್ಮ ಮಂಡಿನೋವಿನ ಕಥೆ ಶುರುಮಾಡಿದರು. ಎಡ ಮಂಡಿ ಮುಗಿದು ಬಲ ಮಂಡಿಯೂ ಮುಗಿಯುವ ಹೊತ್ತಿಗೆ ನನ್ನ ಸೈಕಲ್ಲಿನ ಸುತ್ತ ಇನ್ನೂ ಆರು ಕಪ್ಪು ಸೈಕಲ್ಲುಗಳು ನಿಂತಿದ್ದವು! ನಂಬರು ಹುಡುಕಲು ಒಂದೊಂದರ ಹಿಂದೂ ಬಗ್ಗಿ ಬಗ್ಗಿ ನೋಡಬೇಕಾಯಿತು. ಮರುದಿನ ಉಪಾಯ ಹೊಳೆಯಿತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ವಿಭೂತಿ ಗಟ್ಟಿಯನ್ನು ಜೊತೆಗೇ ಒಯ್ದೆ. ಹ್ಯಾಂಡಲಿನ ನಡುವೆ ಮೂರು ಬೆರಳಿನಲ್ಲಿ ವಿಭೂತಿ ಎಳೆದು ಕೈಮುಗಿದೆ. ಗುರುತೂ ಆಯಿತು, ರಕ್ಷೆಯೂ ಆಯಿತು! ಅಂದಿನಿಂದ ಎಷ್ಟು ಸೈಕಲ್ಲುಗಳ ನಡುವೆ ಇದ್ದರೂ ನನ್ನದು ಶರಣರ ಹಾಗೆ ಹಣೆ ಬೆಳಗಿಸಿಕೊಂಡು ನಿಂತಿರುತ್ತಿತ್ತು. ಹೀಗೆ ಎಂಟು ದಿನ. ಒಂದು ಗೀರಿಲ್ಲ, ಒಂದು ಬೈಗುಳವಿಲ್ಲ!

ಒಂಬತ್ತನೇ ದಿನ ಯಜಮಾನರ ಮುಖ ಸಪ್ಪಗಿತ್ತು. "ಸಾಯಂಕಾಲ ಅಂಗಡಿ ಹತ್ರ ಬರ್ತೀನಿ, ಸಾಕ್ಷಿಗೆ," ಎಂದರು. "ಬನ್ನಿ, ಹಾಗೇ ಹಾರ ತನ್ನಿ," ಎಂದೆ.

ಬುದ್ಧಿವಂತರಾದ ನಿಮಗೆ ಈಗಾಗಲೇ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ. ಒಂಬತ್ತನೇ ದಿನವೆಂದರೆ ಆಯುಧಪೂಜೆ!

ಮಧ್ಯಾಹ್ನದ ಪ್ರಸಾದ ಬಡಿಸಿ, ಪಾತ್ರೆ ತೊಳೆದು ಮುಗಿಸಿ ಸಂಜೆ ಹೊರಬಂದು ನೋಡುತ್ತೇನೆ, ಮಠದ ಮುಂದೆ ನಿಂತಿದ್ದ ಸಕಲ ವಾಹನಗಳೂ ಶಿವಭಕ್ತರಾಗಿದ್ದವು! ಲಾರಿಗೆ ವಿಭೂತಿ, ಆಟೋಗೆ ವಿಭೂತಿ, ತರಕಾರಿ ಗಾಡಿಗೆ ವಿಭೂತಿ. ಸೈಕಲ್ಲುಗಳಿಗಂತೂ ವಿಭೂತಿಯ ಮೇಲೆ ಕುಂಕುಮ, ಕುಂಕುಮದ ಮೇಲೆ ಚೆಂಡುಹೂವು. ಹಿಂದಿನ ಮಡ್‌ಗಾರ್ಡುಗಳಲ್ಲಿ ನಂಬರಿನ ಜಾಗದಲ್ಲೆಲ್ಲ ಗಂಧ ಮೆತ್ತಿತ್ತು.

ಕಣ್ಣು ಮುಚ್ಚಿ ಶಿವನನ್ನು ನೆನೆದು, ಎದುರಿಗಿದ್ದ ಕಪ್ಪು ಲೇಡೀಸ್ ಸೈಕಲ್ಲಿನ ಬೀಗಕ್ಕೆ ಕೀಲಿ ಹಾಕಿದೆ. ಟಕ್ಕೆಂದು ತೆರೆಯಿತು! ಆ ಕಾಲದ ಸೈಕಲ್ ಬೀಗಗಳಲ್ಲಿ ಅರ್ಧಕ್ಕರ್ಧ ಒಂದೇ ಕೀಲಿಗೆ ತೆರೆಯುತ್ತಿದ್ದವೆಂಬ ಜ್ಞಾನ ನನಗೆ ಆಮೇಲೆ ಬಂದಿದ್ದು.

ಆಹಾ, ಆ ದಿನದ ಸವಾರಿ! ಸೀಟು ಹತ್ತಿಯಂತಿತ್ತು. ಪೆಡಲ್ ಬೆಣ್ಣೆಯಂತಿತ್ತು. ಅಡ್ಡ ಬಂದ ನಾಯಿಯೊಂದಕ್ಕೆ ಬೆದರಿ ಬ್ರೇಕನ್ನು ಒಮ್ಮೆ ಒತ್ತಿದ್ದಕ್ಕೆ ಸೈಕಲ್ಲು ನಿಂತಲ್ಲೇ ನಿಂತು, ನಾನೇ ಹ್ಯಾಂಡಲಿನ ಮೇಲೆ ಬಗ್ಗಿಬಿಟ್ಟೆ. ಒಂದು ಪೂಜೆಗೆ ಇಷ್ಟು ಮಹಿಮೆಯೇ ಎಂದು ದಾರಿಯಲ್ಲೇ ಕಣ್ಣಲ್ಲಿ ನೀರು ಬಂತು.

ಅಂಗಡಿಯ ಮುಂದೆ ಯಜಮಾನರು ಸ್ಕೂಟರಿಗೆ ಒರಗಿ ನಿಂತಿದ್ದರು. ನಾನು ರಾಜಗಾಂಭೀರ್ಯದಿಂದ ಇಳಿದೆ. "ತಗೊಳ್ಳಿ ಚೆಲುವಯ್ಯ, ನಿಮ್ಮ ಏಳನೇ ನಂಬರು!"

ಚೆಲುವಯ್ಯ ಗಂಧ ಒರೆಸಿ ನೋಡಿದರು. ಆ ಕಡೆ ನೋಡಿದರು. ಈ ಕಡೆ ನೋಡಿದರು. "ಅಮ್ಮಾ, ಇದು ನಮ್ಮ ಸೈಕಲ್ಲಲ್ಲ ಕಣಮ್ಮ."

ಯಜಮಾನರ ಮುಖ ಅರಳಿತು. ಸ್ಕೂಟರಿನ ಹಿಂದಿನ ಸೀಟನ್ನು ಕರವಸ್ತ್ರದಿಂದ ಒರೆಸತೊಡಗಿದರು!

ಅಷ್ಟರಲ್ಲಿ ಬೀದಿಯ ಕೊನೆಯಿಂದ ಕೂಗು ಕೇಳಿಸಿತು: "ದಾರಿ ಬುಡಿ! ದಾರಿ ಬುಡ್ರೋ!" ಖಾಕಿ ಸೀರೆ ಉಟ್ಟ ಹೆಂಗಸೊಬ್ಬರು ಎರಡೂ ಕಾಲು ಅಗಲಿಸಿಕೊಂಡು ಸೈಕಲ್ಲಿನಲ್ಲಿ ಬಂದು, ನಮ್ಮನ್ನು ದಾಟಿ, ಅಂಗಡಿಯ ಹಳೆ ಟೈರುಗಳ ರಾಶಿಗೆ ನುಗ್ಗಿ ನಿಂತರು. ಅಶೋಕಪುರಂನ ಪೊಲೀಸ್ ಕಾನ್‌ಸ್ಟೇಬಲ್ ಪುಟ್ಟಲಿಂಗಮ್ಮ! ಮಠದ ಮುಂದೆ ಬಂದೋಬಸ್ತಿಗೆ ಇದ್ದವರು. ತಮ್ಮ ಸೈಕಲ್ಲು ಮಾಯವಾಗಿ, ಪಕ್ಕದಲ್ಲಿದ್ದ ಅಂಥದೇ ಸೈಕಲ್ಲಿನ ಗಂಧ ಒರೆಸಿ ನೋಡಿದಾಗ ಚೆಲುವಯ್ಯನ ಅಂಗಡಿಯ ಹೆಸರು, ಏಳನೇ ನಂಬರು ಕಂಡಿದ್ದವಂತೆ. ಅವರ ಕೀಲಿಯೂ ಟಕ್ಕೆಂದಿತ್ತು.

ಅವರು ಟೈರಿನೊಳಗಿಂದಲೇ ಗುಡುಗಿದರು. "ಯಾರಮ್ಮ ಇದನ್ನ ಮಠದ ಮುಂದೆ ಬುಟ್ಟಿದ್ದು?"

"ನಾನೇ," ಎಂದೆ. ಹೆದರಿದರೂ ತಲೆ ತಗ್ಗಿಸಲಿಲ್ಲ. "ತಪ್ಪಾಯ್ತಮ್ಮ, ಗುರುತು ತಪ್ಪಿ ನಿಮ್ಮದನ್ನ ತಂದುಬಿಟ್ಟೆ. ಆದ್ರೆ ಒಂಬತ್ತು ದಿನ ಈ ಮೈಸೂರನ್ನೆಲ್ಲ ಇದೇ ಏಳನೇ ನಂಬರಲ್ಲಿ ಕ್ಷೇಮವಾಗಿ ಸುತ್ತಿದ್ದೀನಿ!"

ಪುಟ್ಟಲಿಂಗಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಒಂಬತ್ತು ದಿನ? ಇದ್ರಲ್ಲಾ? ಎಂಗಮ್ಮ? ಇದಕ್ಕೆ ಬ್ರೇಕೇ ಇಲ್ವಲ್ಲ!"

ನಾನು ಚೆಲುವಯ್ಯನವರ ಕಡೆ ತಿರುಗಿದೆ.

"ಮೊದಲ್ನೇ ದಿನಾನೇ ಹೇಳಕ್ ಬಂದೆ ಕಣಮ್ಮ," ಎಂದರು ಚೆಲುವಯ್ಯ ಮೆಲ್ಲಗೆ. "ಊರೋರ ಮಾತೆಲ್ಲ ಕೇಳ್ತೀರಿ. ಅವತ್ತು ಬೆಲ್ಲೇ ನಿಲ್ಲಿಸ್ಲಿಲ್ಲ ನೀವು."

ಏಳನೇ ನಂಬರಿನ ಬ್ರೇಕನ್ನು ಒತ್ತಿ ನೋಡಲು ಹೋದೆ, ಇರಲೇ ಇಲ್ಲ. ಆದರೆ ಹಿಂದಿನ ಸೀಟು ಫಳಫಳ ಹೊಳೆಯುತ್ತಿತ್ತು. ಬಿಡಲುಂಟೇ?

"ನೋಡ್ರೀ," ಎಂದು ಯಜಮಾನರ ಕಡೆ ತಿರುಗಿದೆ. "ನಾನು ಬೀಳ್ಲಿಲ್ಲ, ಗುದ್ಲಿಲ್ಲ. ಸೈಕಲ್ಲು ಅಂಗಡಿ ಸೇರಿದೆ. ಯಾರು ತರ್ಬೇಕು ಅಂತ ನೀವು ಹೇಳಿರ್ಲಿಲ್ಲ. ಬ್ರೇಕಿಲ್ದೆ ಹೋಗಿತ್ತು, ಬ್ರೇಕಿಲ್ದೆ ಬಂದಿದೆ. ಇದ್ದಂಗೇ ಇದೆ!"

"ನ್ಯಾಯವಾದ ಮಾತು," ಎಂದರು ಪುಟ್ಟಲಿಂಗಮ್ಮ, ಸೆರಗಿನ ಧೂಳು ಕೊಡವುತ್ತಾ. ಪೊಲೀಸರೇ ಹೇಳಿದ ಮೇಲೆ ಇನ್ನೇನು!

ಯಜಮಾನರು ಕರವಸ್ತ್ರ ಮಡಚಿ ಜೇಬಿಗಿಟ್ಟರು. "ಗೆದ್ದೆ ಕಣೇ, ಒಪ್ಕೊಂಡೆ. ನಾಳಿದ್ದೇ ಹೋಗಿ ಹೊಸ ಸೈಕಲ್ಲು ತರೋಣ." ಆಮೇಲೆ ಬಹಳ ವಿನಯದಿಂದ ಕೇಳಿದರು: "ಬ್ರೇಕ್ ಹಾಕಿಸ್ಲಾ, ಇಲ್ಲಾ ಎರಡು ಬೆಲ್ಲೇ ಸಾಕಾ?"

ನಾನು ಸ್ಕೂಟರು ಹತ್ತಲಿಲ್ಲ. ತಲೆ ಎತ್ತಿಕೊಂಡೇ ನಡೆದು ಹೊರಟೆ. ಸರ್ಕಲ್ಲು ಬಂತು ನೋಡಿ, ನಡೆಯುತ್ತಿದ್ದವಳು ಅಭ್ಯಾಸಬಲದಿಂದ ಇಲ್ಲದ ಸೈಕಲ್ಲಿನಿಂದ ಕೆಳಗೆ ಇಳಿಯಲು ಹೋದೆ!